ಗರ್ವಿಷ್ಠರೆಲ್ಲ ಚೆನ್ನಾಗಿಯೇ ಇದ್ದಾರಲ್ಲ?

ಪ್ರಶ್ನೆ: ‘ಗರ್ವದಿಂದ ಭಂಗ, ಉಬ್ಬಿನಿಂದ ದೊಬ್ಬು’ ಎಂದು ಬೈಬಲಿನ ಜ್ಞಾನೋಕ್ತಿಗಳು (16:18) ಹೇಳುತ್ತದೆ. ಆದರೆ ಸೊಕ್ಕಿನಿಂದ ಮೆರೆದ ಎಷ್ಟೋ ಜನರು ಕೊನೆಯವರೆಗೂ ಸುಖವಾಗಿಯೇ ಬಾಳಿ ಹೋಗುತ್ತಾರೆ. ಹಾಗಾದರೆ ಈ ಮಾತನ್ನು ನಂಬುವುದು ಹೇಗೆ?

ಉತ್ತರ: ನಿಮ್ಮ ಈ ದೂರು ಬೈಬಲಿನೊಳಗೇ ಇದೆ. ಸೊಕ್ಕಿನವರ ಕೊಬ್ಬಿದ ಮೈಯನ್ನೂ ನರಳಾಟವಿಲ್ಲದ ಸಾವನ್ನೂ ಕಂಡು ಹೊಟ್ಟೆಕಿಚ್ಚುಪಟ್ಟೆನೆಂದು 73ನೆಯ ಕೀರ್ತನೆ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಆದ್ದರಿಂದ ಜ್ಞಾನೋಕ್ತಿಯ ಮಾತನ್ನು ಇಂದು ಗರ್ವ, ನಾಳೆ ಪತನ ಎಂಬ ಲೆಕ್ಕವಾಗಿ ಓದಬೇಕಾಗಿಲ್ಲ. ಗರ್ವ ಮನುಷ್ಯನನ್ನು ಯಾವ ಕಡೆಗೆ ಒಯ್ಯುತ್ತದೆ ಎಂಬುದನ್ನು ಅದು ಹೇಳುತ್ತದೆ.

ಇದಕ್ಕೆ ಉದಾಹರಣೆಯಾಗಿ ಉಪದೇಶಗಳಲ್ಲಿ ಸಾಮಾನ್ಯವಾಗಿ ಸೊಕ್ಕಿನಿಂದ ಮೆರೆದು ಬಿದ್ದ ಬಾಬೆಲಿನ ಅರಸ ನೆಬೂಕದ್ನೆಚ್ಚರ ಬರುತ್ತಾನೆ. ಅವನನ್ನು ಬಯ್ಯುವುದು ಸುಲಭ, ಏಕೆಂದರೆ ಅವನು ನಮ್ಮಂಥವನಲ್ಲ. ನಾನಾದರೆ ಯೆಹೂದದ ಅರಸ ಉಜ್ಜೀಯನನ್ನು ತೋರಿಸುತ್ತೇನೆ. ಪೂರ್ವಕಾಲವೃತ್ತಾಂತದ ಎರಡನೆಯ ಪುಸ್ತಕದ 26ನೆಯ ಅಧ್ಯಾಯ ಪೂರ್ತಿ ಅವನದೇ.

ಹದಿನಾರನೆಯ ವಯಸ್ಸಿಗೆ ಪಟ್ಟವೇರಿದ ಈ ಹುಡುಗ ದೇವರನ್ನು ಹುಡುಕಿದ, ಗೆದ್ದ. ಫಿಲಿಷ್ಟಿಯರ ಗತ್, ಯಬ್ನೆ, ಅಷ್ಡೋದ್ ಪಟ್ಟಣಗಳ ಗೋಡೆಗಳನ್ನು ಕೆಡವಿದ. ಯೆರೂಸಲೇಮಿನ ಮೂಲೆ ಬಾಗಿಲ ಬಳಿ ಬುರುಜು ಕಟ್ಟಿಸಿದ, ಅಡವಿಯಲ್ಲಿ ದನಕರುಗಳಿಗಾಗಿ ನೀರಿನ ಗುಂಡಿಗಳನ್ನು ತೋಡಿಸಿದ. ಅವನ ಸೈನ್ಯದ ಸಂಖ್ಯೆ 3,07,500 ಎಂದು ಆ ಅಧ್ಯಾಯ ಹೇಳುತ್ತದೆ. ಇವೆಲ್ಲಕ್ಕಿಂತ ನನಗೆ ಹಿಡಿಸುವುದು ಅಲ್ಲಿಯ ಒಂದು ಸಣ್ಣ ಮಾತು: ಅವನಿಗೆ ಬೇಸಾಯವೆಂದರೆ ಇಷ್ಟ. ಒಳ್ಳೆಯ ಅರಸನೇ.

ಬಲ ಬಂದ ಮೇಲೆ ಮನಸ್ಸು ಉಬ್ಬಿತು. ಉಬ್ಬಿದವನು ಕೊಲೆಯನ್ನೋ ಸುಲಿಗೆಯನ್ನೋ ಮಾಡಲಿಲ್ಲ. ದೇವಾಲಯದೊಳಗೆ ಹೋಗಿ ತಾನೇ ಧೂಪ ಹಾಕಲು ಮುಂದಾದ. ನೋಡಿದವರಿಗೆ ಅದು ಭಕ್ತಿಯೇ. ಸುತ್ತಲಿನ ರಾಜ್ಯಗಳಲ್ಲಿ ಅರಸರು ಪೂಜೆಗೆ ನಿಲ್ಲುವುದು ಹೊಸದೂ ಅಲ್ಲ. ಆದರೆ ಇಸ್ರಾಯೇಲಿನಲ್ಲಿ ಆ ಕೆಲಸ ಮೊದಲ ಮಹಾಯಾಜಕ ಆರೋನನ ವಂಶದ ಯಾಜಕರಿಗೆ ಮಾತ್ರ ಸೇರಿದ್ದು. ಅರಸನೂ ದಾಟಬಾರದ ಹೊಸ್ತಿಲು ಅದು. ಯಾಜಕ ಅಜರ್ಯನು ಎಂಬತ್ತು ಮಂದಿ ಧೈರ್ಯಶಾಲಿ ಯಾಜಕರೊಂದಿಗೆ ಬಂದು, ಇದು ನಿನ್ನ ಕೆಲಸವಲ್ಲ, ಹೊರಗೆ ನಡೆ ಎಂದು ಮುಖಕ್ಕೆ ಹೇಳಿದ.

ಇಲ್ಲಿ ಸ್ವಲ್ಪ ನಿಧಾನವಾಗಿ ಓದಬೇಕು. ಹೊಸ್ತಿಲು ದಾಟಿದ ಕೂಡಲೇ ಅವನಿಗೆ ಏನೂ ಆಗಲಿಲ್ಲ. ಧೂಪಾರತಿ ಕೈಯಲ್ಲಿತ್ತು, ಅದನ್ನು ಕೆಳಗಿಟ್ಟು ಹಿಂದಿರುಗಲು ಅವಕಾಶವೂ ಇತ್ತು. ಅವನು ಯಾಜಕರ ಮೇಲೆ ಸಿಟ್ಟಿಗೆದ್ದ. ಆ ಸಿಟ್ಟಿನ ಹೊತ್ತಿನಲ್ಲೇ, ಅವರ ಕಣ್ಣೆದುರಿಗೇ, ಹಣೆಯಲ್ಲಿ ಕುಷ್ಠ ಕಾಣಿಸಿಕೊಂಡಿತು. ಎಲ್ಲೆ ಮೀರಿದ್ದು ತಪ್ಪು, ನಿಜ. ಅವನನ್ನು ಕೆಡಿಸಿದ್ದು ಮಾತ್ರ ‘ಬೇಡ’ ಎಂದವರ ಮಾತು ಕಿವಿಗೆ ಇಳಿಯದಷ್ಟು ಉಬ್ಬಿದ ಮನಸ್ಸು ಎಂದೇ ನನ್ನ ಓದು.

ಭಂಗವೂ ನಾವು ಎಣಿಸಿದಂತೆ ಬರಲಿಲ್ಲ. ರಾಜ್ಯ ಮುರಿದು ಬೀಳಲಿಲ್ಲ. ಅವನ ಆಳ್ವಿಕೆ ಒಟ್ಟು 52 ವರ್ಷಗಳದ್ದು. ಆದರೆ ಸಾಯುವ ತನಕ ಪ್ರತ್ಯೇಕ ಮನೆಯಲ್ಲಿದ್ದ, ಬಲವಂತವಾಗಿ ಹೊಕ್ಕ ಆ ಆಲಯಕ್ಕೇ ಹೊರಗಿನವನಾದ, ಅರಮನೆಯ ಆಡಳಿತವನ್ನು ಮಗ ಯೋತಾಮ ನಡೆಸಿದ. ಹೊರಗಿನಿಂದ ನೋಡಿದ ಪರದೇಶದವನೊಬ್ಬ ಯೆಹೂದ ಚೆನ್ನಾಗಿಯೇ ಇದೆ ಎನ್ನುತ್ತಿದ್ದನೇನೋ. ನೀವು ಹೇಳುವ ‘ಸುಖವಾಗಿ ಬಾಳಿದವರ’ ಮನೆಯೊಳಗೆ ಏನಿತ್ತೆಂದು ನಮಗೂ ತಿಳಿಯದು.

ಆದರೆ ಇದನ್ನು ತಿರುಗಿಸಿ, ಕಾಯಿಲೆ ಬಿದ್ದವರೆಲ್ಲ ಗರ್ವಿಷ್ಠರು ಎನ್ನಲಾಗದು. ಅರಸುಗಳ ಎರಡನೆಯ ಪುಸ್ತಕ (15:5) ಇದೇ ಅರಸನ ಕುಷ್ಠವನ್ನು ಹೇಳಿದರೂ ಗರ್ವದ ಸುದ್ದಿ ಎತ್ತುವುದಿಲ್ಲ. ನಿನ್ನ ಪಾಪದಿಂದಲೇ ಈ ಕಷ್ಟ ಎಂದು, ತಪ್ಪಿಲ್ಲದೆ ನರಳಿದ ಯೋಬನೆದುರು ವಾದಿಸಿದ ಗೆಳೆಯರ ಮೇಲೆ ದೇವರಿಗೆ ಕೋಪ ಬಂತು. ಅವರು ಬಲಿಗಾಗಿ ಏಳು ಹೋರಿ, ಏಳು ಟಗರುಗಳನ್ನು ಹೊಡೆದುಕೊಂಡು ಅದೇ ಯೋಬನ ಬಳಿಗೆ ಹೋಗಿ, ಅವನಿಂದಲೇ ತಮಗಾಗಿ ಪ್ರಾರ್ಥನೆ ಮಾಡಿಸಿಕೊಳ್ಳಬೇಕಾಯಿತು.