ತುಳಸಿಗೆ ತಟ್ಟೆ ಮುಚ್ಚಿ

ಮಳೆಗಾಲ ಬಂತೆಂದರೆ ನನ್ನ ಕ್ಲಿನಿಕ್ಕಿಗೆ ಕೆಮ್ಮಿನ ಜೊತೆ ತುಳಸಿ ಕಷಾಯದ ಫ್ಲಾಸ್ಕುಗಳೂ ಬರುತ್ತವೆ. ಕಳೆದ ವಾರ ಒಬ್ಬ ಅಜ್ಜಿ ಲೋಟಕ್ಕೆ ಬಗ್ಗಿಸಿ ತೋರಿಸಿದರು. ಕಾಫಿ ಡಿಕಾಕ್ಷನ್ನಿನಷ್ಟು ಕಪ್ಪು. "ಅರ್ಧ ಗಂಟೆ ಕುದಿಸಿದೀನಿ ಡಾಕ್ಟ್ರೇ. ಮನೆಯೆಲ್ಲ ಘಮ್ ಅಂತಿತ್ತು. ಕೆಮ್ಮು ಮಾತ್ರ ಹೋಗ್ಲಿಲ್ಲ."

ತುಳಸಿಯ ಗುಣದ ದೊಡ್ಡ ಪಾಲು ಆ ಘಮದಲ್ಲೇ ಇದೆ ಅಜ್ಜಿ, ಅದನ್ನು ಮನೆಗೆ ಕುಡಿಸಿಬಿಟ್ಟಿರಿ ಅಂದೆ.

ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ತುಳಸಿ ಎಲೆಯಲ್ಲಿ ಬೇಗ ಹಾರಿಹೋಗುವ ಎಣ್ಣೆಯ ಅಂಶ ಇದೆ. ಲವಂಗಕ್ಕೆ ವಾಸನೆ ಕೊಡುವ ಯೂಜೆನಾಲ್ ಇದರಲ್ಲೂ ಇದೆ. ತೆರೆದ ಪಾತ್ರೆಯಲ್ಲಿ ಕುದಿಸಿದರೆ ಹಬೆಯ ಜೊತೆ ಅದೂ ಹೊರಟುಹೋಗುತ್ತದೆ. ನಾಲ್ಕು ಲೋಟ ಒಂದಾಗುವವರೆಗೆ ಬತ್ತಿಸುವುದು ಬೇರು, ತೊಗಟೆಗಳಿಗೆ ಸರಿ. ಘಮದ ಎಲೆಗೆ ಆಯುರ್ವೇದದಲ್ಲಿ ಬೇರೆ ಕ್ರಮವೇ ಇದೆ, ಫಾಂಟ ಅಂತ. ನೀರು ಕುದಿಸಿ, ಒಲೆ ಆರಿಸಿ. 7-8 ಎಲೆ ಹರಿದು ಹಾಕಿ, ತಟ್ಟೆ ಮುಚ್ಚಿ 10 ನಿಮಿಷ ಬಿಡಿ. ತೆಗೆಯುವಾಗ ತಟ್ಟೆಯ ಒಳಮೈ ನೋಡಿ, ಹನಿ ಕಟ್ಟಿರುತ್ತವೆ. ಮೂಸಿ ನೋಡಿ. ಆ ಹನಿಗಳನ್ನು ಸಿಂಕಿಗೆ ಕೊಡವಬೇಡಿ, ಲೋಟಕ್ಕೇ ಕೊಡವಿ.

ಅಡುಗೆಗೂ ಇದೇ ಮಾತು. ಥಾಯ್ಲೆಂಡಿನವರು ಇದೇ ತುಳಸಿಯನ್ನು ಕಪ್ರಾವ್ ಅನ್ನುತ್ತಾರೆ. ಹುರಿದ ಕೋಳಿಗೆ ಅದನ್ನು ಹಾಕುವುದು ಒಲೆ ಆರಿಸುವ ಹೊತ್ತಿಗೆ. ಅಷ್ಟು ದೂರ ಯಾಕೆ, ನಮ್ಮ ತಂಬುಳಿ ಇದೆಯಲ್ಲ. ಎಲೆ, ಜೀರಿಗೆ, ಕಾಳುಮೆಣಸು ತುಪ್ಪದಲ್ಲಿ ಸ್ವಲ್ಪ ಬಾಡಿಸಿ, ಕಾಯಿ ಜೊತೆ ರುಬ್ಬಿ, ಮಜ್ಜಿಗೆಗೆ ಬೆರೆಸಿದರೆ ಆಯ್ತು. "ತಂಬುಳಿ ಕುದಿಸ್ತೀರಾ?" ಅಂತ ಅಜ್ಜಿಯನ್ನು ಕೇಳಿದೆ. "ಛೆ, ತಂಬುಳಿ ಯಾರಾದ್ರೂ ಕುದಿಸ್ತಾರಾ!" ಅಂದವರೇ ಫ್ಲಾಸ್ಕಿನ ಕಡೆ ನೋಡಿದರು.

ಬೆಳಗ್ಗೆ ನಾಲ್ಕು ಎಲೆ ಅಗಿಯುವವರಿಗೆ ನಾನು ಬೇಡ ಅನ್ನುವುದಿಲ್ಲ. ದಿನಾ ಲೋಟಗಟ್ಟಲೆ ಕುಡಿಯುವುದು ಬೇರೆ ಮಾತು. ತುಳಸಿ ಸಕ್ಕರೆ ಅಂಶವನ್ನು ಸ್ವಲ್ಪ ಇಳಿಸಬಹುದು, ಹಾಗಾಗಿ ಶುಗರ್ ಮಾತ್ರೆ ತಗೊಳ್ಳುವವರು ಮೊದಲು ವೈದ್ಯರಿಗೆ ಹೇಳಿ. ರಕ್ತ ತೆಳುವಾಗಿಸುವ ಮಾತ್ರೆಯವರು, ಬಸುರಿಯರು, ಆಪರೇಷನ್ ದಿನ ಗೊತ್ತಾದವರು ಕೂಡ. ಇನ್ನು ಕೆಮ್ಮು ಎರಡು ವಾರ ದಾಟಿದರೆ ಯಾವ ಕಷಾಯವನ್ನೂ ನಂಬಿ ಕೂರಬೇಡಿ, ಕಫ ಪರೀಕ್ಷೆ ಮಾಡಿಸಿ. ಅಜ್ಜಿಯ ಕೆಮ್ಮಿಗೆ ಮೂರನೇ ವಾರ. ಫಾಂಟ ಮಾಡುವ ಕ್ರಮ ಬರೆದ ಚೀಟಿಯಲ್ಲೇ, ಮೇಲುಗಡೆ, ಆ ಪರೀಕ್ಷೆಯನ್ನೂ ಬರೆದುಕೊಟ್ಟೆ.