ಓಎಸ್ ಬದಲಾದರೆ ಗೇಮ್‌ಗಳ ಗತಿಯೇನು?

ಹೊಸ ಓಎಸ್ (ವಿಂಡೋಸ್‌ನಂಥ ಆಪರೇಟಿಂಗ್ ಸಿಸ್ಟಮ್) ಹಾಕೋಣ ಅಂದ ಕೂಡಲೇ ಗೇಮ್ ಆಡುವವರ ತಲೆಗೆ ಬರುವ ಮೊದಲ ಪ್ರಶ್ನೆ ಇದೇ. ಹಾಕದೆ ಇರೋಣ ಅಂದರೆ ಅದೂ ಜಾಸ್ತಿ ದಿನ ನಡೆಯಲ್ಲ. ಗೇಮ್ ಕೊಂಡು ಆಡುವ ಆನ್‌ಲೈನ್ ಅಂಗಡಿಯಾದ ಸ್ಟೀಮ್, ವಿಂಡೋಸ್ 7 ಮತ್ತು 8ಕ್ಕೆ ತನ್ನ ಬೆಂಬಲವನ್ನು 2024ರ ಜನವರಿ 1ಕ್ಕೆ ನಿಲ್ಲಿಸಿತು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಪ್‌ಗ್ರೇಡ್ ಮಾಡಲೇಬೇಕು, ಆದರೆ ಒಂದೊಂದು ಗೇಮ್ 100 ಜಿಬಿ ದಾಟುವ ಕಾಲದಲ್ಲಿ ಎಲ್ಲವನ್ನೂ ಮತ್ತೆ ಡೌನ್‌ಲೋಡ್ ಮಾಡುತ್ತಾ ಕೂರಲು ಯಾರಿಗೆ ಮನಸ್ಸು ಬರುತ್ತದೆ?

ನಿಜ ಹೇಳಬೇಕೆಂದರೆ ಆ 100 ಜಿಬಿ ಹೋದರೆ ತಲೆನೋವು ಅಷ್ಟೇ, ನಷ್ಟವಲ್ಲ. ಅದನ್ನು ಮತ್ತೆ ತರಬಹುದು. ಮತ್ತೆ ತರಲಾಗದ್ದು ಒಂದಿದೆ, ಅದು ಕೆಲವೇ ಎಂಬಿ ಇರುತ್ತದೆ, ಅದರ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ.

ಇನ್‌ಸ್ಟಾಲ್ ಆದ ಗೇಮ್ ಒಂದು ಫೋಲ್ಡರ್‌ನಲ್ಲಿ ಕೂತಿದೆ ಅಂತ ನಾವು ಅಂದುಕೊಳ್ಳುತ್ತೇವೆ. ಅದು ಮೂರು ಕಡೆ ಹಂಚಿಹೋಗಿರುತ್ತದೆ. ಚಿತ್ರ, ಧ್ವನಿ, ಕೋಡ್ ಎಲ್ಲ ಸೇರಿದ ದೊಡ್ಡ ಭಾಗ ಪ್ರೋಗ್ರಾಂ ಫೈಲ್ಸ್‌ನಲ್ಲೋ ಡಿ ಡ್ರೈವ್‌ನಲ್ಲೋ ಇರುತ್ತದೆ. ಇದು ಗೇಮ್‌ನ ಮೈ. ಎರಡನೆಯದು ವಿಳಾಸ: ವಿಂಡೋಸ್ ಒಳಗೆ ರಿಜಿಸ್ಟ್ರಿ ಎಂಬ ಲೆಕ್ಕದ ಪುಸ್ತಕವಿದೆ, ಯಾವ ಪ್ರೋಗ್ರಾಂ ಎಲ್ಲಿದೆ, ಅದರ ಆವೃತ್ತಿ ಯಾವುದು ಎಂದೆಲ್ಲ ಅಲ್ಲಿ ಬರೆದಿರುತ್ತದೆ. ಇದರ ಜೊತೆಗೆ ವಿಷುಯಲ್ ಸಿ ಪ್ಲಸ್ ಪ್ಲಸ್, ಡೈರೆಕ್ಟ್‌ಎಕ್ಸ್‌ನಂಥ ಹಂಚಿಕೆಯ ಫೈಲ್‌ಗಳು ನೇರವಾಗಿ ವಿಂಡೋಸ್ ಫೋಲ್ಡರ್ ಸೇರುತ್ತವೆ. ಮೂರನೆಯದು ನೆನಪು, ಅಂದರೆ ನೀವು ಎಲ್ಲಿಯವರೆಗೆ ಆಡಿದ್ದೀರಿ ಎಂದು ಬರೆದಿಡುವ ಸೇವ್ ಫೈಲ್. ಅದು ಡಾಕ್ಯುಮೆಂಟ್ಸ್‌ನ ಮೈ ಗೇಮ್ಸ್‌ನಲ್ಲಿರಬಹುದು, ಇಲ್ಲವೇ ಆ್ಯಪ್‌ಡೇಟಾ ಎಂಬ ಮರೆಯಾಗಿರುವ ಫೋಲ್ಡರ್‌ನಲ್ಲಿರಬಹುದು. ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿ ನಿಮ್ಮ ಲೋಕಗಳನ್ನೆಲ್ಲ ಆ್ಯಪ್‌ಡೇಟಾದ ರೋಮಿಂಗ್ ಒಳಗೆ ಇಡುತ್ತದೆ, ಯುನಿಟಿ ಎಂಬ ಗೇಮ್ ತಯಾರಿಸುವ ಸಾಫ್ಟ್‌ವೇರ್‌ನಲ್ಲಿ ಕಟ್ಟಿದ ಎಷ್ಟೋ ಗೇಮ್‌ಗಳು ಲೋಕಲ್‌ಲೋ ಒಳಗೆ ಇಡುತ್ತವೆ.

ನಾನು ಇದನ್ನು ಕಲಿತದ್ದು ಕಳೆದುಕೊಂಡೇ. ಒಮ್ಮೆ ಸಿ ಡ್ರೈವ್ ಪೂರ್ತಿ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿದೆ. ಗೇಮ್‌ಗಳೆಲ್ಲ ಡಿ ಡ್ರೈವ್‌ನಲ್ಲಿದ್ದವು, ಹಾಗಾಗಿ ಧೈರ್ಯವಾಗಿದ್ದೆ. ಗೇಮ್ ತೆರೆಯಿತು, ಸಂಗೀತ ಬಂತು, ಮೆನು ಬಂತು. ಮೆನುವಿನಲ್ಲಿ ಯಾವಾಗಲೂ ಮೊದಲಿಗೆ ಇರುತ್ತಿದ್ದ 'ಮುಂದುವರಿಸಿ' ಬಟನ್ ಮಾತ್ರ ಇರಲಿಲ್ಲ. 'ಹೊಸ ಆಟ' ಒಂದೇ ಇತ್ತು. ತಿಂಗಳುಗಟ್ಟಲೆ ಆಡಿದ್ದೆಲ್ಲ ಸಿ ಡ್ರೈವ್ ಜೊತೆಗೇ ಹೋಗಿತ್ತು.

ಅದಕ್ಕೇ ಮೊದಲ ಕೆಲಸ: ಆ್ಯಪ್‌ಡೇಟಾ, ಡಾಕ್ಯುಮೆಂಟ್ಸ್, ಸೇವ್ಡ್ ಗೇಮ್ಸ್ ಮೂರನ್ನೂ ಹೊರಗಿನ ಡ್ರೈವ್‌ಗೆ ಕಾಪಿ ಮಾಡಿಡಿ. ಕ್ಲೌಡ್‌ನಲ್ಲಿದೆ ಬಿಡು ಅಂತ ಸುಮ್ನೆ ಕೂರಬೇಡಿ, ಎಲ್ಲ ಗೇಮ್‌ಗಳಿಗೂ ಆ ಸೌಲಭ್ಯ ಇರುವುದಿಲ್ಲ. ಡ್ರೈವ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಆಗಿದ್ದರೆ ಅದರ 48 ಅಂಕಿಗಳ ರಿಕವರಿ ಕೀಯನ್ನೂ ಬೇರೆ ಕಡೆ ಬರೆದಿಟ್ಟುಕೊಳ್ಳಿ.

ಇನ್ನು ಅಪ್‌ಗ್ರೇಡ್. ಇಲ್ಲಿ ತುಂಬಾ ಜನ ಎಡವುವುದು ಒಂದೇ ಕಡೆ. ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಬೂಟ್ ಮಾಡಿ ಸೆಟಪ್ ಶುರು ಮಾಡಿದರೆ ಗೇಮ್‌ಗಳನ್ನು ಉಳಿಸಿಕೊಳ್ಳುವ ದಾರಿ ಮುಚ್ಚಿದಂತೆಯೇ. ಹಳೆಯ ವಿಂಡೋಸ್ ಎಚ್ಚರವಾಗಿರುವಾಗ, ಅದರ ಒಳಗಿನಿಂದಲೇ ಸೆಟಪ್ ಓಡಿಸಬೇಕು. ಆಗ ಮಾತ್ರ ಸೆಟಪ್‌ಗೆ ಹಳೆಯ ಲೆಕ್ಕದ ಪುಸ್ತಕ ಕೈಗೆ ಸಿಗುತ್ತದೆ, ಫೈಲ್ ಮತ್ತು ಆ್ಯಪ್ ಎರಡನ್ನೂ ಉಳಿಸಲೇ ಎಂದು ಕೇಳುತ್ತದೆ. ಹೊಸ ವಿಂಡೋಸ್‌ನ ಭಾಷೆ ಹಳೆಯದರ ಭಾಷೆಗೆ ಹೊಂದದಿದ್ದರೂ ಈ ಆಯ್ಕೆ ಸಿಗುವುದಿಲ್ಲ. ಹಳೆಯದು 32 ಬಿಟ್ ಆಗಿದ್ದರೆ ಹೊಸದಾಗಿ ಹಾಕುವುದೊಂದೇ ದಾರಿ, ಏಕೆಂದರೆ ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ.

ಮುಂದೆ ನಡೆಯುವುದು ನನಗೆ ಪ್ರತಿ ಸಲವೂ ಖುಷಿ ಕೊಡುವ ವಿಷಯ. ಡ್ರೈವ್‌ನಲ್ಲಿ 500 ಜಿಬಿ ಗೇಮ್‌ಗಳಿವೆ, ಖಾಲಿ ಜಾಗ ಇರುವುದು 40 ಜಿಬಿ. ಸೆಟಪ್ ಹಳೆಯ ವಿಂಡೋಸನ್ನು ವಿಂಡೋಸ್ ಡಾಟ್ ಓಲ್ಡ್ ಎಂಬ ಫೋಲ್ಡರ್‌ಗೆ ತಳ್ಳುತ್ತದೆ, ಹೊಸದನ್ನು ಹರಡುತ್ತದೆ, ಗೇಮ್‌ಗಳನ್ನು ಹೊಸ ಮನೆಗೆ ಸೇರಿಸುತ್ತದೆ. ಅಷ್ಟು ದೊಡ್ಡ ಗಂಟನ್ನು ಆ ಚಿಕ್ಕ ಜಾಗದಲ್ಲಿ ಸಾಗಿಸುವುದು ಹೇಗೆ? ಸಾಗಿಸುವುದೇ ಇಲ್ಲ! ಗ್ರಂಥಾಲಯದಲ್ಲಿ ಪುಸ್ತಕ ಕಪಾಟಿನಲ್ಲೇ ಇದ್ದು, ಯಾವ ವಿಭಾಗಕ್ಕೆ ಸೇರಿದ್ದು ಅಂತ ರಿಜಿಸ್ಟರ್‌ನಲ್ಲಿ ತಿದ್ದಿದಂತೆ ಇದು. ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ವ್ಯವಸ್ಥೆಯಲ್ಲಿ ಪ್ರತಿ ಫೈಲಿಗೂ ಮಾಸ್ಟರ್ ಫೈಲ್ ಟೇಬಲ್‌ನಲ್ಲಿ ಒಂದು ದಾಖಲೆ ಇರುತ್ತದೆ. ಒಂದೇ ಪಾರ್ಟಿಷನ್ ಒಳಗೆ ಫೋಲ್ಡರನ್ನು ಬೇರೆ ಕಡೆ ಹಾಕಿದರೆ ಡಿಸ್ಕ್ ಮೇಲಿನ ಡೇಟಾ ಇದ್ದಲ್ಲೇ ಇರುತ್ತದೆ, ಬದಲಾಗುವುದು ಆ ದಾಖಲೆಯ ಸಾಲು ಮಾತ್ರ. ನೀವೇ ಮಾಡಿ ನೋಡಿ: ದೊಡ್ಡದೊಂದು ಗೇಮ್ ಫೋಲ್ಡರನ್ನು ಅದೇ ಡ್ರೈವ್‌ನ ಇನ್ನೊಂದು ಫೋಲ್ಡರ್‌ಗೆ ಎಳೆದು ಬಿಟ್ಟರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ, ಬೇರೆ ಡ್ರೈವ್‌ಗೆ ಎಳೆದರೆ ಕಾಯಬೇಕು.

ಕ್ಲೀನ್ ಇನ್‌ಸ್ಟಾಲ್, ಅಂದರೆ ಹಳೆಯದನ್ನು ಅಳಿಸಿ ಹೊಸದಾಗಿ ಹಾಕುವುದು, ಅನಿವಾರ್ಯವಾದರೂ ಎಲ್ಲ ಮುಗಿಯಿತು ಅಂತಲ್ಲ. ಸ್ಟೀಮ್‌ನ ಸ್ಟೀಮ್‌ಆ್ಯಪ್ಸ್ ಫೋಲ್ಡರ್ ತೆರೆದರೆ ಆ್ಯಪ್‌ಮ್ಯಾನಿಫೆಸ್ಟ್ ಅಂತ ಶುರುವಾಗುವ ಪುಟ್ಟ ಪುಟ್ಟ ಫೈಲ್‌ಗಳು ಕಾಣುತ್ತವೆ. ಒಂದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಗೇಮ್‌ನ ನಂಬರ್, ಹೆಸರು, ಅದು ಕೂತಿರುವ ಫೋಲ್ಡರ್, ಡಿಸ್ಕ್‌ನಲ್ಲಿ ಹಿಡಿದಿರುವ ಜಾಗ, ಎಲ್ಲವೂ ಓದಲು ಬರುವ ಅಕ್ಷರಗಳಲ್ಲೇ ಇರುತ್ತದೆ. ವಿಳಾಸದ ಚೀಟಿ ಗೇಮ್ ಪಕ್ಕದಲ್ಲೇ ಇರುವುದರಿಂದ, ಹೊಸ ವಿಂಡೋಸ್‌ನಲ್ಲಿ ಸ್ಟೀಮ್ ಹಾಕಿ, ಹಳೆಯ ಲೈಬ್ರರಿ ಫೋಲ್ಡರ್ ಇಲ್ಲಿದೆ ಅಂತ ತೋರಿಸಿದರೆ ಸಾಕು. ಅನುಮಾನವಿದ್ದರೆ ಫೈಲ್‌ಗಳನ್ನು ಪರಿಶೀಲಿಸಲು ಹೇಳಿ. ಸ್ಟೀಮ್ ಪ್ರತಿ ಫೈಲನ್ನು ಸುಮಾರು 1 ಎಂಬಿಯ ತುಂಡುಗಳಾಗಿ ನೋಡುತ್ತದೆ, ಪ್ರತಿ ತುಂಡಿಗೂ ಲೆಕ್ಕ ಹಾಕಿದ ಒಂದು ಗುರುತು ಇರುತ್ತದೆ. ಗುರುತು ತಾಳೆಯಾಗದ ಭಾಗವನ್ನಷ್ಟೇ ಡೌನ್‌ಲೋಡ್ ಮಾಡಿಕೊಳ್ಳುತ್ತದೆ, ಮಿಕ್ಕಿದ್ದನ್ನು ಮುಟ್ಟುವುದಿಲ್ಲ.

ಕ್ಲೌಡ್ ಬಳಸುವವರು ಇಲ್ಲೊಂದು ಗಳಿಗೆ ನಿಲ್ಲಬೇಕು. ಹೊಸ ವಿಂಡೋಸ್‌ನಲ್ಲಿ ಗೇಮ್ ತೆರೆದಾಗ, ಈ ಕಂಪ್ಯೂಟರ್‌ನ ಸೇವ್ ಬೇಕೋ ಕ್ಲೌಡ್‌ನದ್ದೋ ಎಂಬ ಪ್ರಶ್ನೆ ಬರಬಹುದು. ಇಲ್ಲಿರುವುದು ಈಗ ತಾನೇ ಹುಟ್ಟಿದ ಖಾಲಿ ಸೇವ್ ಆಗಿರಬಹುದು, ಅದನ್ನು ಒತ್ತಿದರೆ ಕ್ಲೌಡ್‌ನಲ್ಲಿರುವುದನ್ನೂ ಅದೇ ನುಂಗಿಬಿಡುತ್ತದೆ. ತಾರೀಖು ನೋಡಿ ಒತ್ತಿ.

ಎಷ್ಟೇ ಜೋಪಾನ ಮಾಡಿದರೂ ಕೆಲವು ಹಳೆಯ ಗೇಮ್‌ಗಳು ದಡ ಸೇರುವುದಿಲ್ಲ. 2000ದ ಆಸುಪಾಸಿನ ಎಷ್ಟೋ ಸಿಡಿ ಗೇಮ್‌ಗಳಲ್ಲಿ ನಕಲು ತಡೆಯಲು ಸೇಫ್‌ಡಿಸ್ಕ್ ಎಂಬ ಬೀಗವಿತ್ತು, ಅದರ ಡ್ರೈವರ್ ವಿಂಡೋಸ್‌ನ ತೀರಾ ಆಳದಲ್ಲಿ ಕೆಲಸ ಮಾಡುತ್ತಿತ್ತು. ಭದ್ರತೆಯ ದೃಷ್ಟಿಯಿಂದ ಅದು ಅಪಾಯ ಅಂತ 2015ರಲ್ಲಿ ಬಂದ ವಿಂಡೋಸ್ 10 ಅದನ್ನು ಹೊರಗೇ ಇಟ್ಟಿತು. ಮ್ಯಾಕ್‌ನವರಿಗೆ ಇಂಥದ್ದೇ ಪೆಟ್ಟು 2019ರಲ್ಲಿ ಬಿತ್ತು, ಆ ವರ್ಷ ಬಂದ ಮ್ಯಾಕ್‌ನ ಓಎಸ್ ಕ್ಯಾಟಲಿನಾ 32 ಬಿಟ್ ಆ್ಯಪ್‌ಗಳನ್ನು ಪೂರ್ತಿ ಕೈಬಿಟ್ಟಿತು. ದುಡ್ಡು ಕೊಟ್ಟು ತಂದ ಗೇಮ್ ಹೀಗೆ ರಾತ್ರೋರಾತ್ರಿ ಸತ್ತುಹೋಗುವುದು ನನಗೆ ಈಗಲೂ ಸರಿ ಕಾಣುವುದಿಲ್ಲ.

ಅಪ್‌ಗ್ರೇಡ್ ಮುಗಿದ ಮೇಲೆ ಮೊದಲ ಸಲ ಗೇಮ್ ತೆರೆದಾಗ ಅದು ತಡವರಿಸಿದರೆ ಹೆದರಬೇಡಿ. ಗ್ರಾಫಿಕ್ಸ್ ಡ್ರೈವರ್ ಬದಲಾದಾಗ ಹಳೆಯ ಶೇಡರ್‌ಗಳು (ಪರದೆ ಮೇಲಿನ ಬೆಳಕು, ಬಣ್ಣ ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಂಗಳು) ಉಪಯೋಗಕ್ಕೆ ಬರುವುದಿಲ್ಲ, ಗೇಮ್ ಅವನ್ನು ಮತ್ತೆ ತಯಾರು ಮಾಡಿಕೊಳ್ಳುತ್ತಿರುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಸರಿಹೋಗುತ್ತದೆ. ಜಾಗ ಸಾಲದು ಅಂತ ವಿಂಡೋಸ್ ಡಾಟ್ ಓಲ್ಡ್ ಫೋಲ್ಡರನ್ನು ಮಾತ್ರ ಅವಸರದಲ್ಲಿ ಅಳಿಸಬೇಡಿ. ಹಳೆಯದಕ್ಕೆ ಮರಳಲು ವಿಂಡೋಸ್ ಕೊಡುವುದು 10 ದಿನ. ಅಷ್ಟರೊಳಗೆ ಇರುವ ಗೇಮ್‌ಗಳನ್ನೆಲ್ಲ ಒಂದೊಂದಾಗಿ ತೆರೆದು, ಮೆನುವಿನಲ್ಲಿ 'ಮುಂದುವರಿಸಿ' ಇದೆಯಾ ಅಂತ ನೋಡಿಬಿಡಿ.