ಪಕ್ಕದ ತೋಟದವರು ಮದ್ದು ಹೊಡೆದರಾ?

ಜೂನ್ 5, ವಿಶ್ವ ಪರಿಸರ ದಿನ ಬಂತೆಂದರೆ ಶಿವಮೊಗ್ಗದಿಂದ ಆಗುಂಬೆಯವರೆಗೆ ಮಳೆಗಿಂತ ಮೊದಲು ಭಾಷಣ ಸುರಿಯುತ್ತದೆ. ಹಿಮನದಿ ಕರಗುತ್ತಿದೆ, ಕಡಲು ಏರುತ್ತಿದೆ, ಇನ್ನು ಉಳಿದಿರುವುದು ಇಷ್ಟೇ ವರ್ಷ. ಕೊನೆಗೆ ಒಂದು ತೀರ್ಪು: "ನಮ್ಮ ಜನರಲ್ಲಿ ಜಾಗೃತಿಯೇ ಇಲ್ಲ." ನನಗೆ ತಕರಾರಿರುವುದು ಈ ತೀರ್ಪಿನ ಬಗ್ಗೆ. ಕಾಡಾನೆ ಊರಿಗೆ ಬಂದದ್ದು, ಬಾವಿ ಫೆಬ್ರವರಿಗೇ ತಳ ಕಂಡದ್ದು, ಅಡಿಕೆಗೆ ಎಲೆಚುಕ್ಕೆ ಬಿದ್ದದ್ದು ಎಲ್ಲವನ್ನೂ ಮೈಮೇಲೆ ಅನುಭವಿಸಿದ ಜನರಿಗೆ ಯಾವ ಜಾಗೃತಿ ಕಮ್ಮಿ? ಕಮ್ಮಿಯಾಗಿರುವುದು ಬೇರೇನೋ. ಅದನ್ನು ಅಡಿಕೆಯ ಕೊಳೆರೋಗದ ಕಥೆಯಿಂದಲೇ ಹೇಳಬೇಕು.

ಕೊಳೆ ಒಬ್ಬನ ರೋಗವಲ್ಲ. ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಯ ಬೀಜಾಣುಗಳು ಮಳೆಹನಿಯ ಸಿಡಿತದಲ್ಲಿ, ಗಾಳಿಯಲ್ಲಿ ಕೊನೆಯಿಂದ ಕೊನೆಗೆ (ಅಡಿಕೆ ಗೊಂಚಲಿಂದ ಗೊಂಚಲಿಗೆ), ತೋಟದಿಂದ ತೋಟಕ್ಕೆ ದಾಟುತ್ತವೆ. ನಾನು ಎಷ್ಟೇ ಶಿಸ್ತಾಗಿ ಮದ್ದು ಹೊಡೆಸಿದರೂ ಬೇಲಿಯಾಚೆಯವರು ಸುಮ್ಮನೆ ಕೂತರೆ ನನಗೂ ಕಾಟ ತಪ್ಪಿದ್ದಲ್ಲ. ಮೊದಲು ನಮ್ಮವರು ಕೊನೆಗಳಿಗೆ ಕೊಟ್ಟೆ ಎಂಬ ಹೊದಿಕೆ ಕಟ್ಟಿ ಮಳೆ ತಡೆಯುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗದ ಬೆನ್ನುಹತ್ತಿ, 1910ರಲ್ಲಿ ಅದರ ಬಗ್ಗೆ ವರದಿ ಪ್ರಕಟಿಸಿದರು. ಅವರು ಮುಂದೆ ತಂದ ಉಪಾಯ ಬೋರ್ಡೋ ದ್ರಾವಣ: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮಳೆಗಾಲದ ಮುಂಚೆ ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ.

ಈ ದ್ರಾವಣದ ಹುಟ್ಟೇ ಒಂದು ತಮಾಷೆ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯುತ್ತಿದ್ದರು. ರಸ್ತೆಬದಿಯ ಬಳ್ಳಿಗಳಿಗೆ ಮಾಲೀಕರು ಮೈಲುತುತ್ತ–ಸುಣ್ಣ ಚೆಲ್ಲಿ, ಹಣ್ಣು ವಿಷವಾಗಿದೆ ಅನ್ನಿಸುವ ಹಾಗೆ ನೀಲಿ ಬಣ್ಣ ಬರಿಸುತ್ತಿದ್ದರು. 1882ರಲ್ಲಿ ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞ ಅಲ್ಲಿ ಓಡಾಡುವಾಗ ನೋಡುತ್ತಾನೆ: ಒಳಗಿನ ಬಳ್ಳಿಗಳೆಲ್ಲ ಬೂಷ್ಟು ರೋಗಕ್ಕೆ ಎಲೆ ಉದುರಿಸಿಕೊಂಡಿವೆ, ರಸ್ತೆಬದಿಯವು ಮಾತ್ರ ಹಸಿರಾಗಿವೆ. ಕಳ್ಳರ ಕಣ್ಣಿಗೆ ಕಾಣಲೆಂದು ಬಳಿದ ಬಣ್ಣ ವಿಜ್ಞಾನಿಯ ಕಣ್ಣಿಗೂ ಕಂಡಿತು. 1885ರ ಹೊತ್ತಿಗೆ ಅದು ಪ್ರಪಂಚಕ್ಕೆ ಗೊತ್ತಾಗಿತ್ತು.

ನನಗೆ ಮುಖ್ಯವಾಗಿ ಬೇಕಾದದ್ದು ಆ ಬಣ್ಣವೇ. ಮದ್ದು ಹೊಡೆದ ತೋಟ ದೂರದಿಂದಲೇ ಗೊತ್ತಾಗುತ್ತದೆ. ಕೊನೆಯ ಮೇಲೆ, ಕೆಳಗಿನ ಎಲೆಗಳ ಮೇಲೆ ತಿಳಿನೀಲಿ ಲೇಪ. ಯಾರ ಮನೆಯದು ಆಯಿತು, ಯಾರದು ಬಾಕಿ ಎಂದು ಊರಿಗೆ ಊರೇ ಓದಬಲ್ಲ ಜಾಹೀರಾತು. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ನಾಳೆ ಯಾರ ತೋಟಕ್ಕೆ ಎಂಬ ಪೈಪೋಟಿ ಶುರುವಾಗುವುದು ಭಾಷಣದಿಂದ ಅಲ್ಲ.

ಇದರ ಹಿಂದಿನ ಲೆಕ್ಕವನ್ನು 1978ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಬಿಡಿಸಿ ತೋರಿಸಿದರು. ಅವರು ಹಿಡಿದ ಉದಾಹರಣೆ ದೊಂಬಿಯದು; ನಾನು ಒಳ್ಳೆಯ ಕೆಲಸಕ್ಕೆ ಬದಲಾಯಿಸಿಕೊಳ್ಳುತ್ತೇನೆ. ನೂರು ಮನೆಯ ಒಂದು ಊರು. ಬೆಟ್ಟದಲ್ಲಿ ಇಂಗುಗುಂಡಿ ತೋಡುವುದೋ ಬೇಡವೋ ಎಂಬ ಪ್ರಶ್ನೆ. ಪ್ರತಿ ಮನೆಗೂ ಒಂದೊಂದು ಹೊಸ್ತಿಲು ಇದೆ ಅಂದುಕೊಳ್ಳಿ: ಇಷ್ಟು ಮನೆಯವರು ಮಾಡಿದ್ದು ಕಂಡರೆ ತಾನೂ ಮಾಡುತ್ತೇನೆ ಅನ್ನುವ ಸಂಖ್ಯೆ. ಒಬ್ಬನದು ಸೊನ್ನೆ, ಯಾರೂ ಮಾಡದಿದ್ದರೂ ಅವನು ಗುದ್ದಲಿ ಹಿಡಿಯುತ್ತಾನೆ. ಇನ್ನೊಬ್ಬನದು ಒಂದು, ಮತ್ತೊಬ್ಬನದು ಎರಡು, ಹೀಗೆ ತೊಂಬತ್ತೊಂಬತ್ತರವರೆಗೆ. ಸೊನ್ನೆಯವನು ತೋಡಿದ. ಅದನ್ನು ಕಂಡು ಒಂದರವನು ಇಳಿದ. ಇಬ್ಬರಾದರು, ಎರಡರವನು ಬಂದ. ಸಂಜೆಯೊಳಗೆ ಇಡೀ ಊರು ಬೆಟ್ಟದಲ್ಲಿ.

ಈಗ ಒಂದೇ ಒಂದು ಬದಲಾವಣೆ ಮಾಡಿ. ಒಂದರ ಹೊಸ್ತಿಲಿನವನು ಸ್ವಲ್ಪ ಅಳುಕು ಸ್ವಭಾವದವನಾಗಿ, ಅವನದೂ ಎರಡು ಆಗಲಿ. ಉಳಿದ ತೊಂಬತ್ತೊಂಬತ್ತು ಮನೆ ಹಾಗೆಯೇ ಇವೆ. ಊರಿನ ಸರಾಸರಿ ಉತ್ಸಾಹ ಬದಲಾದದ್ದು ಕೂದಲೆಳೆಯಷ್ಟು ಮಾತ್ರ. ಆದರೆ ಸೊನ್ನೆಯವನು ತೋಡುತ್ತಾನೆ, ಎರಡನೆಯವನು ಬರುವುದಿಲ್ಲ, ಕಥೆ ಅಲ್ಲಿಗೇ ಮುಗಿಯಿತು. ಮೊದಲ ಊರಿನ ಬಗ್ಗೆ ಪೇಪರಿನಲ್ಲಿ "ಆದರ್ಶ ಗ್ರಾಮ" ಎಂದು ಬರುತ್ತದೆ, ಎರಡನೆಯದರಲ್ಲಿ "ಏಕಾಂಗಿ ಸಾಧಕ, ನಿರ್ಲಿಪ್ತ ಜನ" ಎಂದು. ಎರಡೂ ಊರಿನ ಜನರ ಮನಸ್ಸು ಹೆಚ್ಚೂಕಡಿಮೆ ಒಂದೇ! ಈ ಲೆಕ್ಕ ಓದಿದ ಮೇಲೆ "ಜನ ಸರಿಯಿಲ್ಲ" ಅನ್ನುವವರ ಜೊತೆ ನನಗೆ ತಾಳ್ಮೆಯಿಂದ ಮಾತಾಡುವುದು ಕಷ್ಟವಾಗಿದೆ.

ಆ ಲೆಕ್ಕದಲ್ಲಿ ಸುಲಭವಾಗಿ ಜಾರಿಹೋಗುವ ಪದ "ಕಂಡರೆ". ಇಂಗುಗುಂಡಿ ಇರುವುದು ಗುಡ್ಡದ ಮರೆಯಲ್ಲಿ. ಹತ್ತು ಮನೆಯವರು ತೋಡಿದ್ದರೂ ನಿಮಗೆ ಕಂಡದ್ದು ಇಬ್ಬರದಾದರೆ, ನಿಮ್ಮ ಹೊಸ್ತಿಲಿನ ಮಟ್ಟಿಗೆ ಊರಲ್ಲಿ ಇರುವುದು ಇಬ್ಬರೇ. ಮನಸ್ಸಿನಲ್ಲಿರುವ ಕಾಳಜಿಯಂತೂ ಗುಂಡಿಗಿಂತ ಆಳದ್ದು, ಅದು ಯಾರಿಗೂ ಕಾಣುವುದಿಲ್ಲ. 2024ರಲ್ಲಿ ಪ್ರಕಟವಾದ ಒಂದು ಅಧ್ಯಯನ 125 ದೇಶಗಳ ಸುಮಾರು 1,30,000 ಜನರನ್ನು ಕೇಳಿತು: ಭೂಮಿಯ ಬಿಸಿ ತಡೆಯಲು ತಿಂಗಳ ಆದಾಯದಲ್ಲಿ ಶೇ. 1ರಷ್ಟು ಕೊಡುತ್ತೀರಾ? ಶೇ. 69ರಷ್ಟು ಮಂದಿ ಹ್ಞೂಂ ಎಂದರು. ನಿಮ್ಮ ದೇಶದಲ್ಲಿ ಎಷ್ಟು ಮಂದಿ ಕೊಟ್ಟಾರು ಎಂದು ಕೇಳಿದಾಗ ಬಂದ ಸರಾಸರಿ ಅಂದಾಜು ಶೇ. 43. ಬಾಯಲ್ಲಿ ಹ್ಞೂಂ ಅನ್ನುವುದು ಬೇರೆ, ಜೇಬಿಗೆ ಕೈ ಹಾಕುವುದು ಬೇರೆ, ಒಪ್ಪೋಣ. ಆದರೂ ನೋಡಿ, ಜಗತ್ತಿನ ಬಹುಪಾಲು ಜನ ತಾನು ಸಿದ್ಧ, ಉಳಿದವರು ಸಿದ್ಧರಿಲ್ಲ ಎಂದುಕೊಂಡು ಕೂತಿದ್ದಾರೆ.

ಸುಮ್ಮನಿರುವುದೂ ಅಂಟುತ್ತದೆ. 1968ರಲ್ಲಿ ಲಾಟನೆ ಮತ್ತು ಡಾರ್ಲಿ ಎಂಬ ಮನಶ್ಶಾಸ್ತ್ರಜ್ಞರು ಅರ್ಜಿ ತುಂಬುತ್ತ ಕೂತವರ ಕೋಣೆಗೆ ಗೋಡೆಯ ಸಂದಿಯಿಂದ ಹೊಗೆ ಬಿಟ್ಟರು. ಒಬ್ಬರೇ ಇದ್ದಾಗ ಶೇ. 75ರಷ್ಟು ಮಂದಿ ಎದ್ದು ಹೋಗಿ ತಿಳಿಸಿದರು. ಪಕ್ಕದಲ್ಲಿ ಏನೂ ಆಗದವರಂತೆ ಕೂರಲು ಇಬ್ಬರನ್ನು ಮೊದಲೇ ಹೇಳಿ ಕೂರಿಸಿದಾಗ ಎದ್ದವರು ಶೇ. 10. ಉಳಿದವರು ಕಣ್ಣುಜ್ಜಿಕೊಂಡು, ಕೆಮ್ಮಿಕೊಂಡು ಅರ್ಜಿ ತುಂಬುತ್ತಲೇ ಇದ್ದರು.

ಹಾಗಾದರೆ ವೇದಿಕೆಯಿಂದ "ಎಲ್ಲರೂ ಹಾಳು ಮಾಡುತ್ತಿದ್ದಾರೆ" ಎಂದು ಕಿರುಚಿದರೆ ಏನಾಗುತ್ತದೆ? ಅರಿಜೋನಾದಲ್ಲಿ ಮರಗಳೇ ಕಲ್ಲಾಗಿರುವ ಒಂದು ರಾಷ್ಟ್ರೀಯ ಉದ್ಯಾನವಿದೆ, ಪ್ರವಾಸಿಗರು ಚೂರು ಕದ್ದು ಒಯ್ಯುತ್ತಾರೆ. ಮನಶ್ಶಾಸ್ತ್ರಜ್ಞ ರಾಬರ್ಟ್ ಚಿಯಾಲ್ಡಿನಿ ಅವರ ತಂಡ ಗುರುತು ಮಾಡಿದ ಚೂರುಗಳನ್ನು ದಾರಿಯಲ್ಲಿಟ್ಟು ಎರಡು ಬಗೆಯ ಬೋರ್ಡು ಹಾಕಿ ನೋಡಿತು. "ದಯವಿಟ್ಟು ಒಯ್ಯಬೇಡಿ" ಎಂಬ ಬೋರ್ಡಿನಡಿ ಕಳುವಾದದ್ದು ಶೇ. 2ಕ್ಕಿಂತ ಕಡಿಮೆ. "ಹಿಂದೆ ಬಂದ ಅನೇಕರು ಒಯ್ದು ಕಾಡಿನ ಸ್ವರೂಪ ಕೆಡಿಸಿದ್ದಾರೆ" ಎಂಬ ದುಃಖದ ಬೋರ್ಡಿನಡಿ ಸುಮಾರು ಶೇ. 8. ಘಾಟಿಯ ತಿರುವಿನಲ್ಲಿ ಪ್ಲಾಸ್ಟಿಕ್ ರಾಶಿಯ ಫೋಟೊ ಹಾಕಿ ಗೋಳಾಡುವವರು ಇದನ್ನು ಒಮ್ಮೆ ಓದಬೇಕು. ಕಲಿಯುಗದಲ್ಲಿ ಪ್ರಳಯ ಆಗಿಯೇ ತೀರುತ್ತದೆ ಎಂದು ವಾಟ್ಸಾಪ್‌ನಲ್ಲಿ ಹಂಚುವವರದಂತೂ ಇದಕ್ಕಿಂತ ಕಡೆ. ಅಲ್ಲಿ ಹೊಗೆ ತುಂಬಿದ ಕೋಣೆಯಲ್ಲಿ ಕೂತೇ ಇರುವುದಕ್ಕೆ ಭಕ್ತಿಯ ಹೆಸರು ಬೇರೆ.

ಕಾಣುವಂತೆ ಮಾಡುವುದು ಹೇಗೆ ಎಂದು ಮಲೆನಾಡಿಗೆ ಯಾರೂ ಹೇಳಿಕೊಡಬೇಕಿಲ್ಲ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಬಳಿಯ ಸಾಲ್ಕಣಿಯವರು ಕಾಡಿಗೆ ನಡೆದು ಮರ ತಬ್ಬಿ ನಿಂತರು. ಹತ್ತು ವರ್ಷ ಮೊದಲು ಹಿಮಾಲಯದ ಗಢವಾಲದಲ್ಲಿ ನಡೆದ, ಮರ ತಬ್ಬಿ ಉಳಿಸುವ ಚಿಪ್ಕೊ ಚಳವಳಿ ಅವರಿಗೆ ಗೊತ್ತಿತ್ತು. ಮರ ಕಡಿಯುವುದು ತಪ್ಪೆಂದು ಅವತ್ತು ಹೊಸದಾಗಿ ತಿಳಿಯಿತೇ? ಇಲ್ಲ. ಮನವಿ ಪತ್ರಕ್ಕೆ ಹಾಕಿದ ಸಹಿ ಫೈಲಿನೊಳಗೆ ಹೋಗುತ್ತದೆ. ಮರಕ್ಕೆ ಅಂಟಿ ನಿಂತವರನ್ನು ಪಕ್ಕದೂರಿನವರು ಎಣಿಸಬಹುದು. ಅಪ್ಪಿಕೊ ಎಂದು ಹೆಸರಾದ ಈ ಚಳವಳಿ ಒಂದು ಕಾಡಿನಿಂದ ಇನ್ನೊಂದಕ್ಕೆ ಪಾದಯಾತ್ರೆ, ಬೀದಿನಾಟಕಗಳ ಜೊತೆ ಹಬ್ಬಿತು.

ಇದೆಲ್ಲ ಊರ ಮಟ್ಟಕ್ಕೆ ಸರಿ, ಜಗತ್ತಿನ ಸಮಸ್ಯೆಗೆ ಸಾಲದು ಅನ್ನುವವರಿಗೆ ಓಝೋನ್ ಉತ್ತರ. ಫ್ರಿಜ್ಜು, ಸ್ಪ್ರೇ ಡಬ್ಬಿಗಳ ಸಿಎಫ್‌ಸಿ ಅನಿಲ ಓಝೋನ್ ಪದರವನ್ನು ತಿನ್ನುತ್ತದೆ ಎಂದು ಮೊಲಿನಾ ಮತ್ತು ರೋಲಂಡ್ ಎಂಬ ರಸಾಯನಶಾಸ್ತ್ರಜ್ಞರು 1974ರಲ್ಲಿ ಹೇಳಿದರು. ಅಂಟಾರ್ಕ್ಟಿಕಾದ ಮೇಲಿನ ರಂಧ್ರ ವರದಿಯಾದದ್ದು 1985ರಲ್ಲಿ. ಆದರೆ ಅದಕ್ಕೆ ಕಾಯದೆ ಅಮೆರಿಕದ ಅನೇಕ ಗ್ರಾಹಕರು ಅಂಗಡಿಯಲ್ಲಿ ಆ ಡಬ್ಬಿ ಎತ್ತಿಕೊಳ್ಳುವುದನ್ನೇ ಬಿಟ್ಟಿದ್ದರು, 1978ರಲ್ಲಿ ಅಲ್ಲಿನ ಸರ್ಕಾರ ಹೆಚ್ಚಿನ ಬಗೆಯ ಡಬ್ಬಿಗಳಲ್ಲಿ ಸಿಎಫ್‌ಸಿ ನಿಷೇಧಿಸಿತ್ತು. ಸಿಎಫ್‌ಸಿ ಕಡಿಮೆ ಮಾಡುವ 1987ರ ಮಾಂಟ್ರಿಯಲ್ ಒಪ್ಪಂದಕ್ಕೆ ಶುರುವಿನಲ್ಲಿ ಕೆಲವೇ ದೇಶಗಳು, ಆಮೇಲೆ ಜಗತ್ತಿನ ಎಲ್ಲ ದೇಶಗಳೂ ಬಂದವು.

ನಮ್ಮ ದೇಶ ಮೊದಲ ಸಾಲಿನಲ್ಲಿ ಇರಲಿಲ್ಲ. ಇಷ್ಟು ವರ್ಷ ಅನಿಲ ಬಿಟ್ಟವರು ಶ್ರೀಮಂತರು, ಹೊಸ ತಂತ್ರಜ್ಞಾನದ ಖರ್ಚು ನಾವೇಕೆ ಹೊರಬೇಕು ಎಂಬುದು ಭಾರತದ ವಾದ, ನ್ಯಾಯವಾದ ವಾದವೇ. ಬಡ ದೇಶಗಳ ಖರ್ಚಿಗೆಂದು 1990ರಲ್ಲಿ ಲಂಡನ್ ಸಭೆ ಒಂದು ನಿಧಿ ಒಪ್ಪಿತು. 1992ರಲ್ಲಿ ಭಾರತ ಸೇರಿತು. ಮೈಲುತುತ್ತಕ್ಕೆ, ಕೊನೆಗೌಡನ ಕೂಲಿಗೆ ದುಡ್ಡಿಲ್ಲದ ಸಣ್ಣ ಹಿಡುವಳಿಯವನ ಹೊಸ್ತಿಲು ಎತ್ತರವಿರುವುದು ಅವನ ಮನಸ್ಸು ಕಲ್ಲೆಂದಲ್ಲ; ಸೊಸೈಟಿ ಹೊತ್ತಿಗೆ ಸರಿಯಾಗಿ ಸಾಲ ಕೊಟ್ಟ ವರ್ಷ ಅವನ ತೋಟವೂ ಉಳಿದವರದರ ಜೊತೆಗೇ ನೀಲಿಯಾಗುತ್ತದೆ.